ಬೂಸ್ಟ್ ಕಡಿಮೆಯಾದರೆ ಆಕ್ಚುಯೇಟರ್ ರಾಡ್ ತಿರುಗಿಸಬಹುದೇ?

ಪ್ರಶ್ನೆ: ನನ್ನ ಹಳೇ ಡೀಸೆಲ್ ಕಾರಿಗೆ ಈಚೆಗೆ ಪಿಕಪ್ ಇಲ್ಲ, ಏರು ಹತ್ತುವಾಗ ಕಪ್ಪು ಹೊಗೆ. ಟರ್ಬೊ ಪಕ್ಕದ ರಾಡನ್ನು ಸ್ವಲ್ಪ ಗಿಡ್ಡ ಮಾಡಿದರೆ ಬೂಸ್ಟ್ ಏರುತ್ತದೆ ಅಂತಾರೆ. ಮಾಡಬಹುದಾ?

ಉತ್ತರ: ಮಾಡಬಹುದು, ಆದರೆ ಅದು ಕಟ್ಟಕಡೆಯ ಕೆಲಸ. ಆ ರಾಡ್ ಆಕ್ಚುಯೇಟರಿನದು. ಬೂಸ್ಟ್, ಅಂದರೆ ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ, ಮಿತಿ ಮುಟ್ಟಿದಾಗ ಆಕ್ಚುಯೇಟರ್ ಈ ರಾಡಿನಿಂದ ವೇಸ್ಟ್‌ಗೇಟ್ ಎಂಬ ಬಾಗಿಲು ತೆರೆದು ಹೊಗೆಯ ಒಂದು ಪಾಲನ್ನು ಟರ್ಬೊ ಚಕ್ರ ತಪ್ಪಿಸಿ ಹೊರಬಿಡುತ್ತದೆ. ಲಾಕ್ ನಟ್ ಬಿಗಿಯಾಗಿದ್ದರೆ ರಾಡಿನ ಅಳತೆ ತಾನಾಗಿ ಬದಲಾಗುವುದಿಲ್ಲ. ಮೊದಲು ಚೆನ್ನಾಗಿ ಎಳೆಯುತ್ತಿದ್ದ ಗಾಡಿ ಈಗ ಎಳೆಯುತ್ತಿಲ್ಲ ಎಂದರೆ ಕೆಟ್ಟಿರುವುದು ಬೇರೆಲ್ಲೋ. ನೀವು ಹೇಳುವ ಕಪ್ಪು ಹೊಗೆಯ ಅರ್ಥವೂ ಸಾಮಾನ್ಯವಾಗಿ ಇಷ್ಟೇ: ಡೀಸೆಲ್ ಹೋಗುತ್ತಿದೆ, ಅದನ್ನು ಸುಡುವಷ್ಟು ಗಾಳಿ ಸಿಗುತ್ತಿಲ್ಲ.

ಮೊದಲು ಅಳೆಯಿರಿ. ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ) ದಾಟಿದ ಮೇಲೆ, ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಬರುವ ಸಣ್ಣ ಹೋಸ್‌ಗೆ ಟಿ ಕನೆಕ್ಟರ್ ಹಾಕಿ ಬೂಸ್ಟ್ ಗೇಜ್ ಜೋಡಿಸಿ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ನೋಡುವುದರಿಂದ ಪ್ರಯೋಜನವಿಲ್ಲ. ಎಂಜಿನ್ ಮೇಲೆ ಭಾರ ಬೀಳದೆ ಟರ್ಬೊ ಒತ್ತಡ ಕಟ್ಟುವುದಿಲ್ಲ. ಎಂಜಿನ್ ಬಿಸಿಯಾದ ಮೇಲೆ ಖಾಲಿ ಏರುರಸ್ತೆಯಲ್ಲಿ, ಮೂರನೇ ಗೇರಿನಲ್ಲಿ, ಸುಮಾರು 1,500 ಆರ್‌ಪಿಎಂನಿಂದ ಪೂರ್ತಿ ಒತ್ತಿ 3,000 ದಾಟುವವರೆಗೆ ನೋಡಿ. ಗೇಜ್ ಓದುವ ಕೆಲಸ ಪಕ್ಕದಲ್ಲಿ ಕೂತವರದು. ಹಳೆಯ ಡೀಸೆಲ್ ಕಾರುಗಳಲ್ಲಿ ಅನೇಕವು 0.7ರಿಂದ 1 ಬಾರ್, ಅಂದರೆ 10ರಿಂದ 15 ಪಿಎಸ್‌ಐ ಆಸುಪಾಸಿನಲ್ಲಿರುತ್ತವೆ. ನಿಮ್ಮ ಮಾಡೆಲ್‌ನ ಸರಿಯಾದ ಅಂಕಿ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ಸಿಗುತ್ತದೆ. ಸ್ಕ್ಯಾನರ್‌ನಲ್ಲಿ ನೋಡುವವರು ಗಮನಿಸಿ: ಅದು ಸಾಮಾನ್ಯವಾಗಿ ವಾತಾವರಣದ ಒತ್ತಡವನ್ನೂ ಸೇರಿಸಿ ತೋರಿಸುತ್ತದೆ. ಸಮುದ್ರಮಟ್ಟದ ಹತ್ತಿರ 1.8 ಬಾರ್ ಕಂಡರೆ ಬೂಸ್ಟ್ ಇರುವುದು 0.8 ಮಾತ್ರ.

ಅಂಕಿ ಕಡಿಮೆ ಬಂದರೆ ಏರ್ ಫಿಲ್ಟರ್ ನೋಡಿ, ಆಮೇಲೆ ಹೋಸ್‌ಗಳಿಗೆ ಕೈ ಹಾಕಿ. ನನ್ನ ಪ್ರಕಾರ ಹೆಚ್ಚಿನ ಸಮಯ ಕೊಡಬೇಕಾದ್ದು ಇಲ್ಲಿಗೇ. ಇಂಟರ್‌ಕೂಲರ್ ಹೋಸ್ ಬಿರಿಯುವುದು ಹೆಚ್ಚಾಗಿ ಕಣ್ಣಿಗೆ ಬೀಳದ ಕೆಳಭಾಗದಲ್ಲಿ, ಇಲ್ಲವೇ ಕ್ಲಾಂಪ್‌ನ ಅಂಚಿನಲ್ಲಿ. ಐಡಲ್‌ನಲ್ಲಿ ಆ ಬಿರುಕು ಮುಚ್ಚಿಕೊಂಡಿರುತ್ತದೆ, ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ. ಗಾಳಿಯ ಜೊತೆ ಬರುವ ಎಣ್ಣೆಯ ಪಸೆ ಹೊರಬಂದು ಧೂಳು ಹಿಡಿದು ಕಪ್ಪಗೆ ಅಂಟಿರುವ ಜಾಗ ಕಂಡರೆ ಅಲ್ಲೇ ಹುಡುಕಿ. ಎಂಜಿನ್ ತಣ್ಣಗಿರುವಾಗ ಹೋಸನ್ನು ಹಿಂಡಿ, ಬಾಗಿಸಿ ನೋಡಿ. ಬೆರಳಿಗೆ ಸೀಳು ಸಿಗುತ್ತದೆ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೂ ಇದೇ ಕಪ್ಪು ಹೊಗೆ ಬರುತ್ತದೆ.

ಮುಂದೆ ಆಕ್ಚುಯೇಟರ್. ಕೈಪಂಪಿನಿಂದ ಅದಕ್ಕೆ ನಿಧಾನವಾಗಿ ಗಾಳಿ ಕೊಡಿ. ರಾಡ್ ತಡವರಿಸದೆ ಹೊರಬರಬೇಕು, ಒತ್ತಡ ನಿಲ್ಲಬೇಕು. ಪಂಪಿನ ಗೇಜ್ ಸೂಜಿ ಇಳಿಯುತ್ತಾ ಹೋದರೆ ಒಳಗಿನ ಡಯಾಫ್ರಾಮ್ ಹರಿದಿದೆ. ಆದರೆ ಒಂದು ವಿಷಯ ನೆನಪಿರಲಿ: ಡಯಾಫ್ರಾಮ್ ಹರಿದರೆ ಅಥವಾ ಆಕ್ಚುಯೇಟರ್‌ಗೆ ಹೋಗುವ ಸಣ್ಣ ಹೋಸ್ ಸೀಳಿದರೆ ವೇಸ್ಟ್‌ಗೇಟ್ ತೆರೆಯುವುದಿಲ್ಲ, ಬೂಸ್ಟ್ ಮಿತಿ ಮೀರಿ ಏರುತ್ತದೆ. ಬೂಸ್ಟ್ ಕಡಿಮೆಯಾಗುವುದು ವೇಸ್ಟ್‌ಗೇಟ್ ತುಸು ತೆರೆದೇ ಸಿಕ್ಕಿಕೊಂಡಾಗ.

ಇದೆಲ್ಲ ಸರಿಯಿದ್ದೂ ಮ್ಯಾನುಯಲ್‌ನ ಅಂಕಿ ಮುಟ್ಟದಿದ್ದರೆ ಆಗ ರಾಡ್. ಈಗ ರಾಡಿನ ಸ್ಕ್ರೂ ಎಳೆ ಎಷ್ಟು ಹೊರಗಿದೆ ಎಂದು ಫೋಟೊ ತೆಗೆದುಕೊಳ್ಳಿ. ಲಾಕ್ ನಟ್ ಸಡಿಲಿಸಿ, ಕ್ಲಿಪ್ ತೆಗೆದು ತುದಿಯನ್ನು ಪಿನ್ನಿನಿಂದ ಬಿಡಿಸಿ, ಅರ್ಧ ಸುತ್ತು ಮಾತ್ರ ಗಿಡ್ಡ ಮಾಡಿ. ಮತ್ತೆ ಜೋಡಿಸಿ, ಲಾಕ್ ನಟ್ ಬಿಗಿದು ಅದೇ ರಸ್ತೆಯಲ್ಲಿ ಅಳೆಯಿರಿ. ಮ್ಯಾನುಯಲ್‌ನ ಅಂಕಿ ಬಂದಲ್ಲಿಗೆ ನಿಲ್ಲಿಸಿ. ಅದರಾಚೆ ಹೋಗಿ ಲಾಭವಿಲ್ಲ. ಡೀಸೆಲ್ ಎಂಜಿನ್‌ನ ಶಕ್ತಿಯನ್ನು ನಿರ್ಧರಿಸುವುದು ಒಳಹೋಗುವ ಇಂಧನ, ಬರೀ ಗಾಳಿ ಹೆಚ್ಚಿಸಿದರೆ ಪಿಕಪ್ ಹೆಚ್ಚುವುದಿಲ್ಲ. ಹೆಡ್ ಗ್ಯಾಸ್ಕೆಟ್ ಮತ್ತು ಟರ್ಬೊ ಬೇರಿಂಗ್ ಮೇಲಿನ ಒತ್ತಡ ಮಾತ್ರ ಹೆಚ್ಚುತ್ತದೆ.

ನಿಮ್ಮದು ವೇರಿಯಬಲ್ ಜ್ಯಾಮಿಟ್ರಿ ಟರ್ಬೊ (ವೇಸ್ಟ್‌ಗೇಟ್ ಬದಲು ಚಕ್ರದ ಸುತ್ತ ತಿರುಗುವ ವೇನ್ ಎಂಬ ರೆಕ್ಕೆಗಳಿಂದ ಬೂಸ್ಟ್ ಹತೋಟಿ ಮಾಡುವ ಬಗೆ) ಆಗಿದ್ದರೆ ಈ ವಿಧಾನ ಬೇಡ. ಅದರಲ್ಲಿ ಮಸಿ ಕಟ್ಟಿ ವೇನ್‌ಗಳು ಸಿಕ್ಕಿಕೊಳ್ಳುವುದೇ ಸಾಮಾನ್ಯ ತೊಂದರೆ, ಮದ್ದು ಕ್ಲೀನಿಂಗ್. ಅದರ ಸ್ಟಾಪ್ ಸ್ಕ್ರೂ ಮುಟ್ಟಬೇಡಿ, ಅದನ್ನು ಫ್ಲೋ ಬೆಂಚ್ (ಗಾಳಿಯ ಹರಿವು ಅಳೆಯುವ ಯಂತ್ರ) ಮೇಲೆ ಸೆಟ್ ಮಾಡಿರುತ್ತಾರೆ.

ಹೊಗೆ ಕಪ್ಪಲ್ಲದೆ ನೀಲಿಯಾಗಿದ್ದು, ಟರ್ಬೊ ಶಾಫ್ಟ್ ಹಿಡಿದು ಅಲ್ಲಾಡಿಸಿದಾಗ ಚಕ್ರ ಗೋಡೆಗೆ ತಾಗುತ್ತಿದ್ದರೆ ರಸ್ತೆ ಪರೀಕ್ಷೆಗೆ ಹೋಗಲೇಬೇಡಿ. ಸೀಲ್ ಬಿಟ್ಟು ಎಂಜಿನ್ ತನ್ನದೇ ಆಯಿಲ್ ಸುಡಲು ಶುರುಮಾಡಿದರೆ ಕೀ ತಿರುಗಿಸಿದರೂ ಆಫ್ ಆಗದಿರಬಹುದು. ಅಂಥ ಟರ್ಬೊ ಬಿಚ್ಚಿ ರಿಪೇರಿಗೆ ಕೊಡಬೇಕು.