ಫೆಚ್: ಜೆಟ್ಟಿ ಕಾಯುವ ಖರ್ಚು ಶುರುವಾಗುವುದೇ ಇಲ್ಲಿಂದ

ಗಾಳಿ ನೀರಿನ ಮೇಲೆ ಅಡ್ಡಿಯಿಲ್ಲದೆ ಎಷ್ಟು ದೂರ ಓಡಿ ಬರುತ್ತದೋ, ಆ ದೂರಕ್ಕೆ ಎಂಜಿನಿಯರುಗಳು ಫೆಚ್ ಅಂತಾರೆ. ಎದುರು ದಡದಿಂದ ನಿಮ್ಮ ದಡದವರೆಗೆ, ಗಾಳಿ ಬೀಸುವ ದಿಕ್ಕಿನಲ್ಲೇ ಅಳೆಯಬೇಕು. ಕೆರೆ ದಡದ ಜೆಟ್ಟಿಯನ್ನೂ (ದೋಣಿ ಹತ್ತಿ ಇಳಿಯುವ ಕಟ್ಟೆ) ಅಲ್ಲಿ ಕಟ್ಟಿದ ದೋಣಿಗಳನ್ನೂ ಅಲೆಯಿಂದ ಕಾಪಾಡೋಕೆ ಎಷ್ಟು ದುಡ್ಡು ಬೇಕು? ದೋಣಿಯ ಬೆಲೆ ಕೇಳುವ ಮೊದಲು ಈ ದೂರ ಕೇಳಬೇಕು.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನೇ ತಗೊಳ್ಳಿ. ಆಷಾಢದಲ್ಲಿ ಗಾಳಿ ಬರುವುದು ಪಶ್ಚಿಮ, ನೈಋತ್ಯದ ಕಡೆಯಿಂದ. ಆ ಕಡೆಯ ದಡಕ್ಕೆ ಅಂಟಿಕೊಂಡ ನೀರು ಸುಮ್ನೆ ನಡುಗುತ್ತಿರುತ್ತದೆ. ಅದೇ ಹೊತ್ತಿಗೆ ಎದುರು ದಡದಲ್ಲಿ ತೆಪ್ಪ ಕಲ್ಲಿಗೆ ಬಡಿಯುತ್ತಿರುತ್ತದೆ. ಗಾಳಿ ಒಂದೇ, ಕೆರೆ ಒಂದೇ. ಫೆಚ್ ಮಾತ್ರ ಬೇರೆ.

ಲೆಕ್ಕ ಹೀಗಿದೆ. ಗಂಟೆಗೆ 36 ಕಿ.ಮೀ. ವೇಗದ ಗಾಳಿ ಆಳದ ನೀರಿನ ಮೇಲೆ ಒಂದು ಗಂಟೆಗೂ ಜಾಸ್ತಿ ಬಿಡದೆ ಬೀಸಿತು ಅನ್ನಿ. ಅರ್ಧ ಕಿ.ಮೀ. ಫೆಚ್ ಇದ್ದರೆ ಅಲೆ ಸುಮಾರು 14 ಸೆಂ.ಮೀ. ಏಳುತ್ತದೆ, ಗೇಣಿಗಿಂತ ಕಮ್ಮಿ. 5 ಕಿ.ಮೀ. ಇದ್ದರೆ 40 ಸೆಂ.ಮೀ. ದಾಟುತ್ತದೆ, ಹತ್ತಿರ ಹತ್ತಿರ ಒಂದು ಮೊಳ. ಫೆಚ್ ನಾಲ್ಕು ಪಟ್ಟಾದರೆ ಅಲೆಯ ಎತ್ತರ ಎರಡು ಪಟ್ಟು, ಅಷ್ಟೇ. ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ?

ಖರ್ಚಿನ ಬಿಲ್ಲು ಏರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಎತ್ತರ ಎರಡು ಪಟ್ಟಾದರೆ ಅಲೆಯ ಶಕ್ತಿ ನಾಲ್ಕು ಪಟ್ಟು. ಅದನ್ನು ತಡೆದು ನಿಲ್ಲುವ ಕಲ್ಲಿನ ತೂಕ ಎಂಟು ಪಟ್ಟು. ಏರಿಯ ಒಳಮೈಗೆ ಹೊದಿಸುವ ರಿವಿಟ್‌ಮೆಂಟ್ ಕಲ್ಲನ್ನು ನೋಡಿರುತ್ತೀರಿ. ಒಂದು ಕಡೆ 10 ಕೆ.ಜಿ. ಕಲ್ಲು ಸಾಕಾದರೆ ಒಬ್ಬ ಆಳು ಎತ್ತಿ ಕೂರಿಸುತ್ತಾನೆ. ಅಲೆ ಎರಡು ಪಟ್ಟಾದ ಕಡೆ 80 ಕೆ.ಜಿ. ಬೇಕು. ಅದಕ್ಕೆ ಜೆಸಿಬಿ ಕರೆಸಬೇಕು, ಜೆಸಿಬಿ ಇಳಿಯೋಕೆ ದಾರಿ ಮಾಡಬೇಕು. ಕಲ್ಲಿನ ರೇಟಿಗಿಂತ ಇವೇ ಜಾಸ್ತಿ ತಿನ್ನುತ್ತವೆ. ಕಲ್ಲಿನ ರಗಳೆಯೇ ಬೇಡ, ನೇರವಾದ ಕಾಂಕ್ರೀಟ್ ಗೋಡೆ ಎಬ್ಬಿಸೋಣ ಎನ್ನುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಇಳಿಜಾರಾಗಿ ಹೊದಿಸಿದ ಕಲ್ಲು ಅಲೆಯನ್ನು ನುಂಗುತ್ತದೆ. ಗೋಡೆ ವಾಪಸ್ ಎಸೆಯುತ್ತದೆ. ಅದರ ಮುಂದೆ ಕಟ್ಟಿದ ದೋಣಿಗೆ ಹೋಗುವ ಅಲೆಯ ಪೆಟ್ಟೂ ಬರುವ ಅಲೆಯ ಪೆಟ್ಟೂ ಬೀಳುತ್ತದೆ, ಗೋಡೆಯ ಬುಡದ ಮಣ್ಣೂ ಕೊರೆದು ಹೋಗುತ್ತದೆ.

ಇನ್ನೊಂದು ದಾರಿ ತೇಲುವ ತಡೆ. ಡ್ರಮ್ಮೋ ಹಳೇ ಟೈರೋ ಜೋಡಿಸಿ, ಲಂಗರು ಹಾಕಿ, ಜೆಟ್ಟಿಯ ಮುಂದೆ ತೇಲಿಬಿಡುವುದು. ಇದರ ಅಗಲ ಅಲೆಯ ಉದ್ದದ, ಅಂದರೆ ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಯವರೆಗಿನ ದೂರದ, ಅರ್ಧದಷ್ಟಾದರೂ ಇರಬೇಕು. ಎರಡೂವರೆ ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದ ಸುಮಾರು 10 ಮೀಟರ್. ಅಂದರೆ 5 ಮೀಟರ್ ಅಗಲದ ತಡೆ. ನಮ್ಮ ಕೆರೆಗಳಿಗೆ ಇದು ಆಗುವ ಮಾತು. ಸುಮಾರು 490 ಕಿ.ಮೀ. ಉದ್ದದ ಅಮೆರಿಕದ ಮಿಷಿಗನ್ ಸರೋವರದಲ್ಲಿ ಉತ್ತರದ ಗಾಳಿ ಎದ್ದರೆ ಇಂಥ ತಡೆಯನ್ನು ಅಲೆ ಎತ್ತಿಕೊಂಡೇ ದಾಟುತ್ತದೆ. ಅಲ್ಲಿ ಬಂಡೆ ಪೇರಿಸಿದ ತಡೆಗೋಡೆಯೇ ಬೇಕು.

ಫೆಚ್ ಅಳೆಯೋದು ಕಷ್ಟವೇನಲ್ಲ. ಮೊಬೈಲಿನ ಮ್ಯಾಪಿನಲ್ಲಿ ಜೆಟ್ಟಿಯ ಜಾಗದಿಂದ ಗಾಳಿ ಬರುವ ಕಡೆಗೆ ಗೆರೆ ಎಳೆಯಿರಿ. ಒಂದೇ ಗೆರೆ ಸಾಲದು, ಅದರ ಎಡಬಲಕ್ಕೂ ನಾಲ್ಕಾರು ಎಳೆದು ಸರಾಸರಿ ತೆಗೆಯಬೇಕು. ಗುಡ್ಡದ ಮೂಗೊಂದು ನೀರಿಗೆ ಚಾಚಿದ್ದರೆ ಅದರ ಮರೆಗೆ ಜೆಟ್ಟಿ ಸರಿಸಿ. ನಯಾಪೈಸೆ ಖರ್ಚಿಲ್ಲದೆ ಅರ್ಧ ಕೆಲಸ ಮುಗಿಯಿತು.

ಆದರೆ ಮ್ಯಾಪ್ ತೋರಿಸುವ ದಡ ಯಾವ ವರ್ಷದ್ದು ಅಂತ ನೋಡಿಕೊಳ್ಳಿ. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನೀರು ತಳ ಕಂಡ ವರ್ಷ ಅಳೆದರೆ ಫೆಚ್ ಚಿಕ್ಕದಾಗಿಯೇ ಸಿಗುತ್ತದೆ. ತುಂಬಿದ ವರ್ಷ ಅದೇ ಗಾಳಿ ಕಿಲೋಮೀಟರುಗಟ್ಟಲೆ ಜಾಸ್ತಿ ಓಡುತ್ತದೆ. ಅಲ್ಲಿಯ ಲೆಕ್ಕ ತುಂಬು ಮಟ್ಟಕ್ಕೇ ಹಾಕಬೇಕು.

ಫೆಚ್ ಹೇಳದ ಒಂದು ಅಲೆಯೂ ಇದೆ, ಮೋಟಾರು ಬೋಟು ಎಬ್ಬಿಸುವುದು. ಅದಕ್ಕೆ ಗಾಳಿಯೂ ಬೇಡ, ದೂರವೂ ಬೇಡ. ಸಣ್ಣ ಕೆರೆಗಳಲ್ಲಿ ಗಾಳಿಯ ಅಲೆಗಿಂತ ಇದರ ಕಾಟವೇ ಜಾಸ್ತಿ. ಅದಕ್ಕೆ ಕಲ್ಲು ಹೊರಿಸುವ ಮೊದಲು ಜೆಟ್ಟಿ ಹತ್ತಿರ ‘ನಿಧಾನ’ ಅಂತ ಬೋರ್ಡು ಹಾಕಿ, ಬೋಟು ಓಡಿಸುವವರಿಗೆ ಗಟ್ಟಿಯಾಗಿ ಹೇಳಿಬಿಡುವುದು ಅಗ್ಗ.