ಸೆಂಟ್ರಲ್ ಪಾರ್ಕಿನ ಜಾರುಬಂಡೆಗಳು ಅಂಚಿಗೆ ಹೋಗಿದ್ದು ಹೇಗೆ?

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ನಕ್ಷೆ ಬಿಡಿಸಿ ನೋಡಿ. ಪಾರ್ಕ್ 843 ಎಕರೆ ಇದೆ, ಉದ್ದ ನಾಲ್ಕು ಕಿಲೋಮೀಟರ್. ಮಕ್ಕಳಿಗೆಂದೇ ಮಾಡಿದ ಆಟದ ಜಾಗಗಳು 21. ಆದರೆ ಅವುಗಳಲ್ಲಿ ಬಹುಪಾಲು ಪಾರ್ಕಿನ ಅಂಚಿನಲ್ಲೇ, ರಸ್ತೆಗೆ ಅಂಟಿಕೊಂಡೇ ಇವೆ. ಮದುವೆ ಮನೆಗೆ ಬಂದ ಸಂಕೋಚದ ನೆಂಟರು ಬಾಗಿಲ ಪಕ್ಕದಲ್ಲೇ ಕೂತ ಹಾಗೆ. ಒಳಗೆ ಅಷ್ಟೊಂದು ಜಾಗ ಇದೆ, ಅಲ್ವಾ? ಮತ್ತೆ ಯಾಕೆ ಹೀಗೆ?

ಯಾಕೆಂದರೆ ಈ ಪಾರ್ಕ್ ಮಾಡಿದವರ ಮನಸ್ಸಿನಲ್ಲಿ ಉಯ್ಯಾಲೆ, ಜಾರುಬಂಡೆ ಇರಲೇ ಇಲ್ಲ. ಫ್ರೆಡ್ರಿಕ್ ಲಾ ಓಮ್ಸ್‌ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ 1858ರಲ್ಲಿ ಪಾರ್ಕಿನ ವಿನ್ಯಾಸದ ಸ್ಪರ್ಧೆ ಗೆದ್ದಿದ್ದು ಊರಿನ ಮಧ್ಯೆ ಒಂದು ಹಳ್ಳಿಗಾಡನ್ನು ಬರೆದು ತೋರಿಸಿ. ಹುಲ್ಲುಗಾವಲು, ಕೆರೆ, ಮರಗಳ ಗುಂಪು. ಜನ ಬಂದು ಅದರೊಳಗೆ ನಿಧಾನವಾಗಿ ನಡೆದಾಡಬೇಕು, ನೋಡಿ ಮನಸ್ಸು ಹಗುರ ಮಾಡಿಕೊಳ್ಳಬೇಕು. ಅಷ್ಟೇ.

ಹಾಗಂತ ಮಕ್ಕಳನ್ನು ಮರೆತಿರಲಿಲ್ಲ. ಆಗ ಊರೆಲ್ಲ ಇದ್ದದ್ದು ಪಾರ್ಕಿನ ದಕ್ಷಿಣಕ್ಕೆ. ಹಾಗಾಗಿ ದಕ್ಷಿಣದ ತುದಿಯಲ್ಲೇ ಮಕ್ಕಳಿಗಾಗಿ ಒಂದು ಭಾಗ ಮಾಡಿದರು. ಅಲ್ಲಿ 1870ರ ಸುಮಾರಿಗೆ ಒಂದು ಹಾಲಿನ ಮನೆ ಎದ್ದಿತು. ಪಾರ್ಕಿನಲ್ಲಿ ಹಾಲಿನ ಮನೆ ಯಾಕೆ ಅಂತೀರಾ? ಆ ಕಾಲದ ನ್ಯೂಯಾರ್ಕಿನಲ್ಲಿ ಸಾರಾಯಿ ಬಟ್ಟಿಯಿಂದ ಉಳಿದ ಗಸಿ ತಿನ್ನಿಸಿ ಹಸು ಸಾಕುತ್ತಿದ್ದರು. ಆ ಹಾಲು ಕುಡಿದು ಎಳೆಮಕ್ಕಳು ಸಾವಿರಗಟ್ಟಲೆ ಸಾಯುತ್ತಿದ್ದವು. 1858ರಲ್ಲಿ ಪತ್ರಿಕೆಯೊಂದು ಇದನ್ನು ಬಯಲಿಗೆಳೆದಾಗ ದೊಡ್ಡ ಗಲಾಟೆಯೇ ಆಯಿತು. ಅಂಥ ಊರಿನಲ್ಲಿ ಒಂದು ಲೋಟ ಒಳ್ಳೆಯ ಹಾಲು ಕೊಡುವುದು ಆಟಕ್ಕಿಂತ ಮುಖ್ಯ ಅನಿಸಿದ್ದರೆ ತಪ್ಪೇನಿಲ್ಲ. 1871ರಲ್ಲಿ ತಿರುಗುವ ಕುದುರೆಗಳೂ ಬಂದವು. ನೆಲದ ಕೆಳಗೆ ಕಟ್ಟಿದ ಪ್ರಾಣಿ ಅದನ್ನು ಸುತ್ತಿಸುತ್ತಿತ್ತಂತೆ.

ಓಡಿ ಆಡುವ ವಿಷಯಕ್ಕೆ ಬಂದರೆ ಮಾತ್ರ ಬಿಗಿ ಜಾಸ್ತಿ. 1860ರ ದಶಕದಲ್ಲಿ ಹುಡುಗರು ಪಾರ್ಕಿನಲ್ಲಿ ಚೆಂಡಾಟ ಆಡಬೇಕಾದರೆ ಶಾಲೆಯಿಂದ ಪತ್ರ ತರಬೇಕಿತ್ತು. ಇವನು ತಪ್ಪದೆ ಶಾಲೆಗೆ ಬರುತ್ತಾನೆ, ನಡತೆ ಚೆನ್ನಾಗಿದೆ ಅಂತ. ಕೆಲಸಕ್ಕೆ ಹೋಗುತ್ತಿದ್ದ ಬಡ ಹುಡುಗನಿಗೆ ಆ ಪತ್ರ ಎಲ್ಲಿಂದ ಬರಬೇಕು?

ಅಂಥ ಹುಡುಗರು ತುಂಬಿದ್ದ ಲೋಯರ್ ಈಸ್ಟ್ ಸೈಡ್ ಎಂಬ ಬಡವರ ಕೇರಿಯಲ್ಲಿ ಸಮಾಜ ಸುಧಾರಕರು ಹಟ ಹಿಡಿದು ಆಟದ ಮೈದಾನ ಮಾಡಿಸಿದರು. 1903ರಲ್ಲಿ ಸೀವರ್ಡ್ ಪಾರ್ಕಿನ ಮೈದಾನ ತೆರೆಯಿತು. ಅಮೆರಿಕದಲ್ಲಿ ನಗರಾಡಳಿತವೇ ಕಟ್ಟಿಸಿದ ಮೊದಲ ಕಾಯಂ ಮೈದಾನ ಅದು. ಸೆಂಟ್ರಲ್ ಪಾರ್ಕಿನಲ್ಲಿ ಮಾತ್ರ ಕಬ್ಬಿಣದ ಆಟದ ಸಾಮಾನು ಇಡಲು ವಿರೋಧ ನಿಲ್ಲಲಿಲ್ಲ. ಒಂದಕ್ಕೆ ಹೂಂ ಅಂದರೆ ಹತ್ತು ಬರುತ್ತವೆ, ಇದು ಪಾರ್ಕಾಗಿ ಉಳಿಯುವುದಿಲ್ಲ ಅನ್ನುವುದು ವಿರೋಧಿಸಿದವರ ವಾದ. ಆ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಕಡೆಗೆ 1926ರಲ್ಲಿ ಆಗಸ್ಟ್ ಹೆಕ್ಷರ್ ಎಂಬ ಶ್ರೀಮಂತ ದುಡ್ಡು ಕೊಟ್ಟು, ದಕ್ಷಿಣದ ತುದಿಯಲ್ಲಿ ಮೊದಲ ಸಲಕರಣೆಯ ಮೈದಾನ ಬಂತು. ಇವತ್ತಿಗೂ ಅದರ ಹೆಸರು ಹೆಕ್ಷರ್ ಮೈದಾನವೇ.

ಒಂದು ಹತ್ತಾಗುವ ಹೆದರಿಕೆ ನಿಜವಾಗಿದ್ದು ಎಂಟು ವರ್ಷದ ಮೇಲೆ. ಹತ್ತಲ್ಲ, ಹೆಚ್ಚುಕಡಿಮೆ ಇಪ್ಪತ್ತು. 1934ರಲ್ಲಿ ರಾಬರ್ಟ್ ಮೋಸೆಸ್ ನಗರದ ಪಾರ್ಕ್ ಕಮಿಷನರ್ ಆದ. ಮಹಾ ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲದವರಿಗೆ ಕೆಲಸ ಕೊಡಲು ಫೆಡರಲ್ ಸರ್ಕಾರ ಹಣ ಸುರಿಯುತ್ತಿತ್ತು. ಮೋಸೆಸ್ ಆ ಹಣ ಹಿಡಿದು ಪಾರ್ಕಿನ ಅಂಚಿನುದ್ದಕ್ಕೂ ಮೈದಾನ ಕಟ್ಟಿಸಿದ. ನಕ್ಷೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಎದುರಿನ ಮನೆಯ ತಾಯಂದಿರು ರಸ್ತೆ ದಾಟಿದರೆ ಸಾಕು, ಉಯ್ಯಾಲೆ ಸಿಗಬೇಕು. ಮಕ್ಕಳು ಒಳಗಿನ ಹುಲ್ಲು ತುಳಿಯಬಾರದು. ಎರಡೂ ಕೆಲಸ ಒಂದೇ ಏಟಿಗೆ. ನಮ್ಮ ಪಾರ್ಕುಗಳ 'ಹುಲ್ಲಿನ ಮೇಲೆ ನಡೆಯಬೇಡಿ' ಬೋರ್ಡಿನ ಅಣ್ಣನೇ ಇದು ಅನ್ನಿ, ಸ್ವಲ್ಪ ದುಬಾರಿ ಅಣ್ಣ.

ಆ ಮೈದಾನಗಳೆಲ್ಲ ಒಂದೇ ಅಚ್ಚಿನವು. ಡಾಂಬರು ನೆಲ, ಸುತ್ತ ಬೇಲಿ, ಉಯ್ಯಾಲೆ, ಏತದ ಹಲಗೆ, ಜಾರುಬಂಡೆ, ಮರಳಿನ ತೊಟ್ಟಿ. ಅದೇ ಹೊತ್ತಿಗೆ ಶಿಲ್ಪಿ ಇಸಾಮು ನೊಗುಚಿ ಮೋಸೆಸ್ ಹತ್ತಿರ ಬೇರೆಯೇ ಒಂದು ಯೋಚನೆ ತಂದಿದ್ದ. ಸಲಕರಣೆಯೇ ಬೇಡ. ನೆಲವನ್ನೇ ಗುಡ್ಡ ಮಾಡೋಣ, ಮಕ್ಕಳು ಹತ್ತಲಿ, ಜಾರಲಿ. ಮೋಸೆಸ್ ಒಪ್ಪಲಿಲ್ಲ.

ಇಷ್ಟು ಮೈದಾನ ಕಟ್ಟಿಸಿದ ಮನುಷ್ಯ ಮುಂದೆ ಸೋತಿದ್ದು ತಾಯಂದಿರ ಕೈಯಲ್ಲೇ. 1956ರಲ್ಲಿ, ಪಶ್ಚಿಮ 67ನೇ ಬೀದಿಯ ಬಳಿ. ಅಲ್ಲಿ ಟ್ಯಾವರ್ನ್ ಆನ್ ದ ಗ್ರೀನ್ ಎಂಬ ರೆಸ್ಟೋರೆಂಟ್ ಇದೆ. ಅದರ ಪಕ್ಕದ ಅರ್ಧ ಎಕರೆಯಷ್ಟು ಮರಗಳಿದ್ದ ಜಾಗದಲ್ಲಿ ಅಕ್ಕಪಕ್ಕದ ಮಕ್ಕಳು ಆಡುತ್ತಿದ್ದರು. ಅಳತೆಗೆ ಬಂದವರು ಬಿಟ್ಟುಹೋದ ನಕ್ಷೆಯೊಂದು ಒಬ್ಬ ತಾಯಿಯ ಕಣ್ಣಿಗೆ ಬಿತ್ತು. ಅದರ ಮೇಲೆ ಬರೆದದ್ದು ಪಾರ್ಕಿಂಗ್ ಲಾಟ್. ಸುದ್ದಿ ಹಬ್ಬಿತು. ಬುಲ್ಡೋಜರ್ ಬಂದಾಗ ತಾಯಂದಿರು ಮಕ್ಕಳ ತಳ್ಳುಗಾಡಿ ಸಮೇತ ಎದುರಿಗೆ ನಿಂತರು. ಏಪ್ರಿಲ್ 24ರಂದು ಬೆಳಗಾಗುವ ಮೊದಲೇ ಕೆಲಸದವರನ್ನು ಕಳಿಸಿ ಬೇಲಿ ಹಾಕಿಸಿ, ಮರ ಕಡಿಸಿದ ಮೋಸೆಸ್. ಅಲ್ಲೇ ಎಡವಿದ್ದು. ಅತ್ತುಕೊಂಡು ನಿಂತ ತಾಯಿ ಮಕ್ಕಳ ಫೋಟೋಗಳು ಪತ್ರಿಕೆಗಳಲ್ಲಿ ಬಂದವು, ವಿಷಯ ಕೋರ್ಟಿಗೆ ಹೋಯಿತು. ಜುಲೈ ಹೊತ್ತಿಗೆ ಆತ ಕೈಚೆಲ್ಲಿದ. ಕಾರು ನಿಲ್ಲಬೇಕಿದ್ದ ಜಾಗದಲ್ಲಿ ಮಕ್ಕಳ ಮೈದಾನ ಕಟ್ಟಿದರು.

ಅಲ್ಲೇ ಪಕ್ಕದಲ್ಲಿ, ಹತ್ತು ವರ್ಷದ ನಂತರ, ನೊಗುಚಿಯ ಯೋಚನೆಗೆ ಇನ್ನೊಂದು ರೂಪದಲ್ಲಿ ಜೀವ ಬಂತು. ವಾಸ್ತುಶಿಲ್ಪಿ ರಿಚರ್ಡ್ ಡ್ಯಾಟ್ನರ್ ಆ ಕೇರಿಯ ತಾಯಂದಿರ ಜೊತೆ ಕೂತು ಮಾತಾಡಿ ಅಡ್ವೆಂಚರ್ ಪ್ಲೇಗ್ರೌಂಡ್ ರೂಪಿಸಿದ. 1967ರಲ್ಲಿ ಅದು ತೆರೆಯಿತು. ಹತ್ತಲು ಪಿರಮಿಡ್ಡು, ಜ್ವಾಲಾಮುಖಿಯಂಥ ದಿಬ್ಬ, ನುಸುಳಲು ಸುರಂಗ, ನೀರು ಹರಿಯುವ ಕಾಲುವೆ, ಕಾಲಡಿಯಲ್ಲಿ ಮರಳು. ಜಾರುಬಂಡೆಯಲ್ಲಿ ಜಾರುವುದೊಂದೇ ಕೆಲಸ. ಪಿರಮಿಡ್ಡಿನಲ್ಲಿ ಏನು ಮಾಡಬೇಕು ಅಂತ ಮಗುವೇ ಯೋಚಿಸಬೇಕು. ನನ್ನ ಲೆಕ್ಕದಲ್ಲಿ ಈ ಇಡೀ ಕಥೆಯ ಒಳ್ಳೆಯ ಭಾಗ ಇದೇ.

ಆಮೇಲೆ ಕೆಟ್ಟ ಕಾಲ. 1970ರ ದಶಕದಲ್ಲಿ ನಗರದ ಬೊಕ್ಕಸ ಖಾಲಿ. ರಿಪೇರಿ ನಿಂತಿತು. 1981ರಲ್ಲಿ ಫೆಡರಲ್ ಸುರಕ್ಷತಾ ಆಯೋಗ ಮೈದಾನಗಳಿಗೆ ಮಾರ್ಗಸೂಚಿ ಹೊರಡಿಸಿತು. ಬಿದ್ದು ಪೆಟ್ಟಾಗುವುದೇ ಜಾಸ್ತಿ ಅಂತ ಗೊತ್ತಿದ್ದರಿಂದ ನೆಲ ಮೆತ್ತಗಾಗಬೇಕಾಯಿತು, ಎತ್ತರ ಇಳಿಯಬೇಕಾಯಿತು. ಕೋರ್ಟ್ ಕೇಸಿನ ಭಯ ಬೇರೆ. ಡ್ಯಾಟ್ನರನ ಪಿರಮಿಡ್ಡನ್ನೇ ಕೆಡವುವ ಮಾತು ಬಂದಾಗ, 1990ರ ದಶಕದಲ್ಲಿ, ಮತ್ತೆ ತಂದೆತಾಯಂದಿರೇ ಅಡ್ಡ ನಿಂತು ಅದನ್ನು ದುರಸ್ತಿ ಮಾಡಿಸಿಕೊಂಡರು.

ಈಗ ನೋಡಿಕೊಳ್ಳುವುದು 1980ರಲ್ಲಿ ಶುರುವಾದ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಎಂಬ ಸಂಸ್ಥೆ. ದುಡ್ಡು ಬಹುಪಾಲು ದಾನದ್ದು. ಗಾಯಕಿ ಡಯಾನಾ ರಾಸ್ 1983ರಲ್ಲಿ ಇಲ್ಲಿ ಹಾಡುವಾಗ ಗುಡುಗು ಮಳೆ ಸುರಿಯಿತು. ಬಿಡದೆ ಮರುದಿನ ಮತ್ತೆ ಹಾಡಿದರು. ಅವರ ದಾನದಿಂದಾದ, ಅವರ ಹೆಸರಿನ ಮೈದಾನವೂ ಈಗ ಪಶ್ಚಿಮದ ಅಂಚಿನಲ್ಲೇ ಇದೆ. ಇತ್ತೀಚೆಗೆ ಮೈದಾನ ಹೊಸದು ಮಾಡುವಾಗ ಮೋಸೆಸ್ ಕಾಲದ ಬೇಲಿಗಳನ್ನು ತಗ್ಗಿಸಿ, ಸುತ್ತ ಗಿಡ ನೆಟ್ಟು, ಪಾರ್ಕಿನೊಳಗೆ ಬೆರೆಯುವ ಹಾಗೆ ಮಾಡುತ್ತಿದ್ದಾರೆ. ಗೇಟಿನ ನಿಯಮ ಮಾತ್ರ ತಮಾಷೆಯಾಗಿದೆ. ಜೊತೆಯಲ್ಲಿ ಮಗು ಇಲ್ಲದಿದ್ದರೆ ದೊಡ್ಡವರಿಗೆ ಪ್ರವೇಶವಿಲ್ಲ. ಆಗ ಹುಡುಗನಿಗೆ ಹೆಡ್‌ಮಾಸ್ಟರ ಪತ್ರ ಬೇಕಿತ್ತು, ಈಗ ನಮಗೆ ಹುಡುಗ ಬೇಕು.

ಪೂರ್ವದ 67ನೇ ಬೀದಿಯ ಬಳಿ ಬಿಲ್ಲಿ ಜಾನ್ಸನ್ ಮೈದಾನವಿದೆ, 1985ರದ್ದು. ಅಲ್ಲಿನ ಜಾರುಬಂಡೆ ತಗಡಿನದ್ದಲ್ಲ, ಪ್ಲಾಸ್ಟಿಕ್ಕಿನದ್ದೂ ಅಲ್ಲ. 45 ಅಡಿ ಉದ್ದದ ಗ್ರಾನೈಟ್ ಕಲ್ಲು. ಕನ್ನಡದ ಹೆಸರಿಗೆ ತಕ್ಕ ಹಾಗೆ ಅದು ನಿಜವಾದ ಬಂಡೆ. ಸುಮ್ನೆ ಕೂತರೆ ಅದರಲ್ಲಿ ಅಷ್ಟು ಜೋರಾಗಿ ಜಾರುವುದಿಲ್ಲ. ಮಕ್ಕಳು ರಟ್ಟಿನ ತುಂಡು ಹಾಕಿಕೊಂಡು ಕೂರುತ್ತಾರೆ, ಸರ್ರನೆ ಕೆಳಗೆ ಬರುತ್ತಾರೆ. ಮನೆಗೆ ಹೋಗುವಾಗ ರಟ್ಟನ್ನು ಅಲ್ಲೇ ಬಿಡುತ್ತಾರೆ, ಆಮೇಲೆ ಬರುವವರಿಗೆ.