ಸ್ವೀಡನ್ ರಸ್ತೆ ದಾಟಿದ ಕತೆ

"ನಮ್ಮ ಜನಕ್ಕೆ ಶಿಸ್ತಿಲ್ಲ ಬಿಡಿ, ಫಾರಿನ್ನಿನವರನ್ನ ನೋಡಿ ಕಲೀಬೇಕು." ಅಪಘಾತದ ಸುದ್ದಿ ಬಂದಾಗಲೆಲ್ಲ ಯಾರಾದರೂ ಹೀಗೆ ಹೇಳಿಯೇ ಹೇಳುತ್ತಾರೆ. ನನಗೆ ರೇಗುತ್ತದೆ. ಶಿಸ್ತು ಹುಟ್ಟಿನಿಂದಲೇ ಬರುವುದಾದರೆ 1966ರಲ್ಲಿ ಸ್ವೀಡನ್ನಿನ ರಸ್ತೆಗಳಲ್ಲಿ 1,313 ಜನ ಸತ್ತದ್ದು ಹೇಗೆ? ಈಗ ಅಲ್ಲಿ ಕಾರುಗಳು ಆಗಿನ ಎರಡು ಪಟ್ಟಿಗಿಂತ ಜಾಸ್ತಿ. ಆದರೂ 2022ರಲ್ಲಿ ಸತ್ತವರು ಸುಮಾರು 230. ಅದೇ ವರ್ಷ ಕರ್ನಾಟಕದಲ್ಲಿ ಹನ್ನೊಂದು ಸಾವಿರದ ಮೇಲೆ! ನಮ್ಮ ಜನಸಂಖ್ಯೆ ಅವರ ಆರೇಳು ಪಟ್ಟು, ಒಪ್ಪೋಣ. ಅಂತರ ಆಗಲೂ ದೊಡ್ಡದೇ.

ಸ್ವೀಡನ್ನರು ಮೊದಲು ನಮ್ಮಂತೆ ಎಡಗಡೆ ಓಡಿಸುತ್ತಿದ್ದರು. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಇಡೀ ದೇಶ ಬಲಕ್ಕೆ ಹೊರಳಿತು. 4.50ಕ್ಕೆ ಗಾಡಿ ನಿಲ್ಲಿಸಿ, ಬಲಕ್ಕೆ ಸರಿಸಿ, ಐದು ಗಂಟೆವರೆಗೆ ಕಾದು ಮುಂದೆ ಹೋಗಬೇಕಿತ್ತು. ತಮಾಷೆ ಅಂದರೆ, ಅಲ್ಲಿನ ಹೆಚ್ಚಿನ ಕಾರುಗಳ ಸ್ಟಿಯರಿಂಗ್ ಬಲಕ್ಕೆ ಓಡಿಸುವ ದೇಶಗಳಂತೆ ಮೊದಲಿನಿಂದಲೂ ಎಡಗಡೆಯೇ ಇತ್ತು! ಗೊಂದಲದಲ್ಲಿ ಅಪಘಾತ ಏರಬೇಕಿತ್ತು ಅಲ್ವಾ? ಇಳಿಯಿತು. ಆ ವರ್ಷ ಸತ್ತವರು 1,077. ಎಲ್ಲರೂ ಹೆದರಿ ಮೈಯೆಲ್ಲ ಕಣ್ಣಾಗಿ ಓಡಿಸಿದ್ದರು. ಎರಡು ವರ್ಷದಲ್ಲಿ ಹೆದರಿಕೆ ಹೋಯಿತು, ಲೆಕ್ಕ ಮತ್ತೆ ಮೇಲೇರಿತು. ಎಚ್ಚರಿಕೆ ಬಾಳಿಕೆ ಬರುವ ಸರಕಲ್ಲ.

1997ರಲ್ಲಿ ಅಲ್ಲಿನ ಸಂಸತ್ತು ಬೇರೆ ದಾರಿ ಹಿಡಿಯಿತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಅವನು ಸಾಯಬಾರದು, ರಸ್ತೆಯನ್ನು ಹಾಗೆ ಕಟ್ಟಿ ಎಂದಿತು. ಎದುರುಬದುರು ಡಿಕ್ಕಿ ತಪ್ಪಿಸಲು ಹೆದ್ದಾರಿಯ ನಡುವೆ ಉಕ್ಕಿನ ಹಗ್ಗದ ಬೇಲಿ ಬಂತು. ಎಷ್ಟೋ ಕಡೆ ಸಿಗ್ನಲ್ ಬದಲು ಗಾಡಿಗಳು ಸುತ್ತುಹಾಕಿ ಹೋಗುವ ವೃತ್ತಗಳು ಬಂದವು. ಕಾರು, ಪಾದಚಾರಿ ಇಬ್ಬರೂ ಇರುವ ಎಷ್ಟೋ ಕಡೆ ವೇಗದ ಮಿತಿ ಗಂಟೆಗೆ 30 ಕಿ.ಮೀ.

30 ಯಾಕೆ? ಕಾರಿನ ಮುಂದೆ 14 ಮೀಟರ್ ದೂರದಲ್ಲಿ ಮಗು ರಸ್ತೆಗೆ ನುಗ್ಗಿತು ಅನ್ನಿ. ಕಣ್ಣು ಕಂಡದ್ದು ಕಾಲಿಗೆ ಮುಟ್ಟಲು ಸುಮಾರು ಒಂದು ಸೆಕೆಂಡ್ ಬೇಕು. 30ರಲ್ಲಿದ್ದ ಕಾರು ಅಷ್ಟರಲ್ಲಿ ಎಂಟು ಮೀಟರ್ ಚಿಲ್ಲರೆ ಹೋಗಿರುತ್ತದೆ. ಒಣ ರಸ್ತೆಯಾದರೆ ಬ್ರೇಕ್ ಹಿಡಿದ ಮೇಲೆ ಇನ್ನೈದು ಮೀಟರಿಗೆ ನಿಲ್ಲುತ್ತದೆ. ಮಗು ಬಚಾವ್. 50ರಲ್ಲಿದ್ದ ಕಾರು ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಮುಗಿಸಿರುತ್ತದೆ. ಬ್ರೇಕಿಗೆ ಕಾಲಿಡುವ ಹೊತ್ತಿಗೆ ಮಗುವಿಗೆ ಗುದ್ದಿಯಾಗಿರುತ್ತದೆ, ಅದೂ ಪೂರಾ ವೇಗದಲ್ಲಿ. ಪೆಟ್ಟಿನ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 30ರ ಪೆಟ್ಟು ಮೂರೂವರೆ ಮೀಟರ್ ಮಾಳಿಗೆಯಿಂದ ಬಿದ್ದ ಹಾಗೆ, 50ರದ್ದು ಹತ್ತು ಮೀಟರ್, 80ರದ್ದು 25 ಮೀಟರ್. ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ, ಸೀಟ್ ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ ಹೊರಡುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಆಯುಧಪೂಜೆಯ ದಿನ ನಡುರಸ್ತೆಯಲ್ಲಿ ಒಡೆದ ಕುಂಬಳಕಾಯಿ ಮೇಲೆ ಜಾರಿ ಬೀಳುವ ಬೈಕ್ ಸವಾರನ ದೃಷ್ಟಿ ತೆಗೆಯೋರು ಯಾರು?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕ್, ಆಟೋ ಬಿಡುತ್ತಿಲ್ಲ. ಆಮೇಲೆ ವೇಗ ಹಿಡಿಯುವ ಕ್ಯಾಮೆರಾ ಬಂದವು, ಸಾವು ಇಳಿಯಿತು. ಓಡಿಸುವವರು ಅದೇ ಮಂಡ್ಯದವರು, ಅದೇ ಬೆಂಗಳೂರಿನವರು.

ಇನ್ನು ರಾಂಗ್ ಸೈಡ್ ವಿಚಾರ. ಹೆದ್ದಾರಿಯ ಈಚೆ ಮನೆ, ಆಚೆ ಡೈರಿ, ಯೂ ಟರ್ನ್ ಎರಡು ಕಿಲೋಮೀಟರ್ ದೂರ. ಹಾಲಿನ ಕ್ಯಾನ್ ನೇತುಹಾಕಿಕೊಂಡ ಮೊಪೆಡ್ ಎದುರಿಗೇ ಬರುತ್ತದೆ. ದಂಡ ಹಾಕಿ, ಬೇಡ ಅನ್ನಲ್ಲ. ಹತ್ತಿರದಲ್ಲೊಂದು ಅಂಡರ್‌ಪಾಸ್ ಆಗುವ ತನಕ ಆತ ನಾಳೆಯೂ ಹಾಗೇ ಬರುತ್ತಾನೆ. ಹೊತ್ತು ಮೀರಿದರೆ ಡೈರಿಯವರು ಹಾಲು ತಗೊಳ್ಳೋದಿಲ್ಲ.